ಗಂಗೋತ್ರಿಯ ಸಂಶೋಧಕರು: ಎಣಿಸುವವರಿದ್ದಾರೆ, ಕೇಳುವವರಿಲ್ಲ

ಮೈಸೂರು ವಿವಿಯ ಕ್ಯಾಂಪಸ್ ಮಾನಸಗಂಗೋತ್ರಿಯ ವಿಜ್ಞಾನ ವಿಭಾಗವೊಂದರ ಲ್ಯಾಬ್‌ಗೆ ಹೋದರೆ ಒಂದೇ ಬೆಂಚಿನ ಮುಂದೆ ನಾಲ್ಕು ಥರದ ಜನ ಸಿಗಬಹುದು. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಪರೀಕ್ಷೆ ಪಾಸಾಗಿ ತಿಂಗಳ ಹಣ ತಗೊಳ್ಳುವವರು. ಏನೂ ಸಿಗದೆ ಕೈಯಿಂದ ಹಾಕಿಕೊಂಡು ಪಿಎಚ್‌ಡಿ ಮಾಡುವವರು. ಗೈಡ್ ತಂದ ಪ್ರಾಜೆಕ್ಟ್ ಇರುವಷ್ಟು ದಿನ ಸಂಬಳ ಕಾಣುವವರು. ಪಿಎಚ್‌ಡಿ ಮುಗಿಸಿ, ಗೆಸ್ಟ್ ಲೆಕ್ಚರರ್ ಆಗಿ ಪಾಠ ಮಾಡುತ್ತ ಸಂಜೆ ಹೊತ್ತು ಪೇಪರ್ ಬರೆಯುವವರು. ಕೆಲಸ ಹೆಚ್ಚುಕಮ್ಮಿ ಒಂದೇ, ನಿಯಮ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಇವರು ಮುಂದೆ ಏನಾಗ್ತಾರೆ ಅಂತ ನೋಡೋದು ಯಾರ ಕೆಲಸ? ಈ ಪ್ರಶ್ನೆ ಇಷ್ಟು ಗೋಜಲಾದದ್ದು ಒಂದೇ ದಿನದಲ್ಲಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು, ಕುವೆಂಪು ಕುಲಪತಿಯಾಗಿದ್ದಾಗ ಗಂಗೋತ್ರಿ ಬಂತು, ಆಮೇಲೆ ಬಹಳ ಕಾಲ ಪಿಎಚ್‌ಡಿ ಮಾಡುವವರೇ ಕಡಿಮೆ ಇದ್ದರು. ಹಾಗಾಗಿ ಪ್ರಶ್ನೆಯೂ ದೊಡ್ಡದಾಗಿರಲಿಲ್ಲ. 1986ರ ಶಿಕ್ಷಣ ನೀತಿಯ ನಂತರ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ದೇಶದ ಹಲವು ಕಡೆ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರಿಗೂ ಒಂದು ಬಂತು. ಓರಿಯಂಟೇಶನ್, ರಿಫ್ರೆಶರ್ ಕೋರ್ಸ್ ಎಲ್ಲ ಅಲ್ಲೇ. ಕೋರ್ಸ್ ಮುಗಿಸಿದರೆ ಬಡ್ತಿಗೆ ಅನುಕೂಲ. ಆದರೆ ಬಡ್ತಿ ಇರೋದು ಕಾಯಂ ಮೇಷ್ಟ್ರುಗಳಿಗೆ, ಅಲ್ವಾ? ಆ ಸ್ಟಾಫ್ ಕಾಲೇಜಿನ ಹೆಸರು ಎಚ್‌ಆರ್‌ಡಿಸಿ ಆಯಿತು, 2023ರಲ್ಲಿ ಮಾಳವೀಯ ಮಿಷನ್ ಅಂತಾಯಿತು. ಬೋರ್ಡು ಬದಲಾದಷ್ಟು ಒಳಗೆ ಕೂರುವವರು ಬದಲಾಗಲಿಲ್ಲ.

1991ರಲ್ಲಿ ಮೇಷ್ಟ್ರಾಗಲು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬೇಕೇ ಬೇಕು ಅಂತಾಯಿತು. ನಿಜವಾದ ತಿರುವು ಬಂದಿದ್ದು 2010ರಲ್ಲಿ. ಮೇಷ್ಟ್ರುಗಳ ನೇಮಕಕ್ಕೂ ಬಡ್ತಿಗೂ ಎಪಿಐ ಅನ್ನೋ ಅಂಕದ ಪದ್ಧತಿ ಬಂತು. ರೆಫರೀಡ್, ಅಂದರೆ ತಜ್ಞರು ಪರಿಶೀಲಿಸುವ ಜರ್ನಲ್‌ನಲ್ಲಿ ಒಂದು ಪೇಪರ್ ಬಂದರೆ 15 ಅಂಕ, ಐಎಸ್‌ಎಸ್‌ಎನ್ ನಂಬರ್ ಇರುವ ಸಾಧಾರಣ ಪತ್ರಿಕೆಯಾದರೆ 10. ಉದ್ದೇಶ ಒಳ್ಳೆಯದೇ. ಜಾತಿ, ಪರಿಚಯ, ಶಿಫಾರಸು ನೋಡದೆ ಕೆಲಸ ನೋಡಲಿ ಅನ್ನೋದು. ಆದರೆ ಒಳ್ಳೆಯ ಪೇಪರ್‌ಗೂ ಸುಮ್ನೆ ಅಚ್ಚಾದ ಪೇಪರ್‌ಗೂ ಇದ್ದ ಅಂತರ ಬರೀ 5 ಅಂಕ. ಮೂರು ವರ್ಷ ಲ್ಯಾಬ್‌ನಲ್ಲಿ ಬೆವರು ಸುರಿಸಿ ಒಂದು ಪೇಪರ್ ಬರೆದವರಿಗಿಂತ, ದುಡ್ಡು ಕಟ್ಟಿ ವಾರದೊಳಗೆ ಎರಡು ಅಚ್ಚು ಮಾಡಿಸಿದವರು ಮುಂದೆ ಹೋಗಬಹುದಿತ್ತು. ಥೀಸಿಸ್ ಕೊಡುವ ಮೊದಲು ಒಂದು ಪೇಪರ್ ಆಗಲೇಬೇಕಿದ್ದ ಸ್ಕಾಲರ್‌ಗಳೂ ಇದೇ ಸಂತೆಗೆ ಬಂದರು. ಇಮೇಲ್ ತುಂಬ 'ಡಿಯರ್ ಆಥರ್' ಪತ್ರಗಳು. ದುಡ್ಡು ತಗೊಂಡು ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು.

ಯುಜಿಸಿ 2017ರಲ್ಲಿ ಒಪ್ಪಿತ ಪತ್ರಿಕೆಗಳ ಪಟ್ಟಿ ಕೊಟ್ಟಿತು. 2018ರ ಮೇ ತಿಂಗಳಲ್ಲಿ ಅದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಆಮೇಲೆ ಅದರ ಜಾಗಕ್ಕೆ ಕೇರ್ ಅನ್ನೋ ಹೊಸ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟರು. ಈ ಎಂಟು ವರ್ಷದಲ್ಲಿ ಪಿಎಚ್‌ಡಿ ಮಾಡಿದ ಸ್ಕಾಲರ್‌ಗಳು ಇಷ್ಟು ನಿಯಮಗಳ ಹಿಂದೆ ಓಡಬೇಕಾಯಿತು. ಪೇಪರ್ ಕಡ್ಡಾಯವಲ್ಲ ಅಂತ 2022ರ ಪಿಎಚ್‌ಡಿ ನಿಯಮ ಹೇಳಿತು. ಆದರೆ ಕೆಲಸಕ್ಕೆ ಅರ್ಜಿ ಹಾಕುವಾಗ ಪೇಪರ್‌ಗೆ ಅಂಕ ಇದೆ. 2018ರ ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಜಿಗಳನ್ನು ಸೋಸುವಾಗ ಪಿಎಚ್‌ಡಿಗೆ 30 ಅಂಕ, ಪ್ರತಿ ಪೇಪರ್‌ಗೆ 2ರಂತೆ ಗರಿಷ್ಠ 10. ಪಾಠದ ಅಥವಾ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಅನುಭವಕ್ಕೆ ವರ್ಷಕ್ಕೆ 2, ಅದೂ 10 ದಾಟುವಂತಿಲ್ಲ. ಅಂದರೆ ಐದು ವರ್ಷದ ನಂತರ ಎಷ್ಟು ದುಡಿದರೂ ಲೆಕ್ಕಕ್ಕಿಲ್ಲ. ಗೆಸ್ಟ್ ಲೆಕ್ಚರರ್‌ಗಳ ಹೆಗಲ ಮೇಲೆ ವಿಭಾಗಗಳು ನಡೆಯುತ್ತಿರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ದಿನನಿತ್ಯದ ಬದುಕು ಇನ್ನೊಂದು ಕಥೆ. ಯುಜಿಸಿ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಕಮಿಟಿ ಒಪ್ಪಿದರೆ ಎಸ್‌ಆರ್‌ಎಫ್ (ಹಿರಿಯ ಸಂಶೋಧಕರ ಫೆಲೋಶಿಪ್), 42,000. ಈ ದುಡ್ಡು ತಾನಾಗಿ ಬರೋದಿಲ್ಲ. ಸ್ಕಾಲರ್ ಈ ತಿಂಗಳೂ ಕೆಲಸ ಮಾಡುತ್ತಿದ್ದಾರೆ ಅಂತ ವಿವಿ ಕಡೆಯಿಂದ ಪ್ರತಿ ತಿಂಗಳು ಕೆನರಾ ಬ್ಯಾಂಕ್ ಪೋರ್ಟಲ್‌ನಲ್ಲಿ ಖಾತರಿ ಮಾಡಬೇಕು. ಮೇಕರ್ ಅನ್ನುವವರು ಹಾಕಬೇಕು, ಚೆಕರ್ ಅನ್ನುವವರು ಒಪ್ಪಬೇಕು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ರೂಮಿನ ಬಾಡಿಗೆ ಮುಂದಿನ ತಿಂಗಳಿಗೆ. ಗೈಡ್ ಸಹಿ, ಚೇರ್ಮನ್ ಸಹಿ, ಆಮೇಲೆ ವಿವಿ ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲ್ ಕಡೆ ಒಂದು ಸುತ್ತು. ನೆಟ್ ಇಲ್ಲದವರಿಗೆ ಯುಜಿಸಿ ಕೊಡುವ 8,000 ಕೇಂದ್ರೀಯ ವಿವಿಗಳಿಗೆ ಮಾತ್ರ. ಅದು ಗಂಗೋತ್ರಿ ತನಕ ಬರೋದಿಲ್ಲ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಇದರ ಇನ್ನೊಂದು ಮುಖ ಕಾಣುತ್ತೆ. ಭತ್ತದ ಒಂದು ಹೊಸ ತಳಿ ರೈತರ ಕೈ ಸೇರಲು ಹತ್ತು ವರ್ಷ ಹಿಡಿಯೋದು ಮಾಮೂಲು. ಗದ್ದೆಗಿಳಿದು ತೆನೆ ಎಣಿಸಿ, ಕಾಳು ತೂಗಿ ಪುಸ್ತಕಕ್ಕೆ ಬರೆಯುವ ಪ್ರಾಜೆಕ್ಟ್ ಹುಡುಗ ಹುಡುಗಿಯರ ನೇಮಕದ ಆರ್ಡರ್ ಇರೋದು ಒಂದೆರಡು ವರ್ಷಕ್ಕೆ. ತಳಿ ಬಿಡುಗಡೆ ಆಗುವ ಹೊತ್ತಿಗೆ ಅವರು ಎಲ್ಲಿರುತ್ತಾರೋ.

ಬ್ರಿಟನ್ನಿನಲ್ಲೂ ಇದೇ ತಲೆನೋವಿತ್ತು. ಅಲ್ಲಿನ ವಿವಿಗಳೂ ಅನುದಾನ ಕೊಡುವವರೂ ಗುತ್ತಿಗೆ ಸಂಶೋಧಕರ ವಿಷಯದಲ್ಲಿ 1996ರಲ್ಲೇ ಒಂದು ಒಪ್ಪಂದಕ್ಕೆ ಬಂದರು. 2008ರಲ್ಲಿ, ಮತ್ತೆ 2019ರಲ್ಲಿ ಅದನ್ನು ತಿದ್ದಿದರು. ಈಗ ಅದರ ಪ್ರಕಾರ ಪ್ರತಿ ಸಂಶೋಧಕರಿಗೂ ವರ್ಷಕ್ಕೆ ಕನಿಷ್ಠ 10 ದಿನ ತಮ್ಮ ವೃತ್ತಿ ಬೆಳೆಸಿಕೊಳ್ಳಲು ಸಿಗಬೇಕು. ಸಹಿ ಹಾಕಿದ ವಿವಿ ಏನು ಮಾಡಿದೆ ಅಂತ ವರ್ಷಕ್ಕೊಮ್ಮೆ ವರದಿ ಕೊಡಬೇಕು. ಅಲ್ಲೂ ಗುತ್ತಿಗೆ ಕೆಲಸ ಹೋಗಿಲ್ಲ. ಆದರೆ ಕೇಳೋಕೆ ಒಂದು ಜಾಗವಂತೂ ಇದೆ.

ನಮ್ಮಲ್ಲಿ ಅಳತೆ ಇಲ್ಲ ಅಂತಲ್ಲ, ಜಾಸ್ತಿನೇ ಇದೆ. ಐದು ವರ್ಷದಲ್ಲಿ ಎಷ್ಟು ಜೆಆರ್‌ಎಫ್, ಎಸ್‌ಆರ್‌ಎಫ್, ಪೋಸ್ಟ್‌ಡಾಕ್ ಸೇರಿದರು ಅಂತ ವಿವಿಗಳಿಗೆ ಗ್ರೇಡ್ ಕೊಡುವ ನ್ಯಾಕ್ ಕೇಳಿದೆ. ಎಷ್ಟು ಪಿಎಚ್‌ಡಿ ಹೊರಬಂತು ಅಂತ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್ ಎಣಿಸುತ್ತೆ. ಸೇರಿದ್ದಕ್ಕೂ ಅಂಕ, ಮುಗಿಸಿದ್ದಕ್ಕೂ ಅಂಕ. ಮುಗಿಸಿದವರು ಆಮೇಲೆ ಎಲ್ಲಿ ಹೋದರು ಅನ್ನೋದು ಬಹುತೇಕ ವಿಭಾಗಗಳಲ್ಲಿ ಗೈಡ್‌ಗಳ ನೆನಪಿನಲ್ಲಿ ಇದ್ದರೆ ಇತ್ತು. 2025ರ ಜನವರಿಯಲ್ಲಿ ಮೇಷ್ಟ್ರುಗಳ ನೇಮಕ, ಬಡ್ತಿಗೆ ಯುಜಿಸಿ ಹೊಸ ಕರಡು ನಿಯಮ ತಂದಾಗಲೂ ಇಲ್ಲಿ ಜೋರಾಗಿ ನಡೆದದ್ದು ಕುಲಪತಿಯನ್ನು ಯಾರು ನೇಮಿಸಬೇಕು ಅನ್ನೋ ಜಗಳ. ಅದೇ ವರ್ಷ ಮಂಡ್ಯ ವಿವಿಯನ್ನು ಉಳಿಸಬೇಕೋ ಮೈಸೂರಿಗೆ ಸೇರಿಸಬೇಕೋ ಅಂತ ಮಾತು ಬಂದಾಗ ಚರ್ಚೆಯಾದದ್ದು ದುಡ್ಡಿನ ಲೆಕ್ಕ.

ಪ್ರತಿ ಪಿಎಚ್‌ಡಿ ಸ್ಕಾಲರ್‌ಗೂ ಇರುವ ಸಂಶೋಧನಾ ಸಲಹಾ ಸಮಿತಿ ಆರು ತಿಂಗಳಿಗೊಮ್ಮೆ ಹೇಗೂ ಸೇರಬೇಕು. ಪ್ರೋಗ್ರೆಸ್ ರಿಪೋರ್ಟ್ ಓದಿ, ಎಷ್ಟು ಅಧ್ಯಾಯ ಆಯ್ತು ಅಂತ ಕೇಳಿ ಸಹಿ ಹಾಕುತ್ತಾರೆ. ಮುಂದೆ ಏನು ಮಾಡಬೇಕು ಅಂತಿದ್ದೀರಿ, ಅದಕ್ಕೆ ಏನು ಕಲಿಯಬೇಕು ಅಂತಲೂ ಅದೇ ಮೇಜಿನ ಮುಂದೆ ಕೇಳಬಹುದು, ಆ ಉತ್ತರವನ್ನೂ ಅದೇ ಫೈಲಿಗೆ ಹಾಕಬಹುದು. ಹಾಗೆ ಮಾಡಬೇಡಿ ಅಂತ 2022ರ ನಿಯಮದಲ್ಲಿ ಎಲ್ಲೂ ಬರೆದಿಲ್ಲ.