ಗಿರಿ ಹತ್ತಿದ್ದು ಭಾನುವಾರ, ತೊಡೆ ಹಿಡಿದುಕೊಂಡಿದ್ದು ಮಂಗಳವಾರ. ಇದು ಹೇಗೆ?

ಓದುಗರ ಪ್ರಶ್ನೆ: ನಾನು ಚಿಕ್ಕಮಗಳೂರಿನವನು, ವಯಸ್ಸು 34. ಮೊನ್ನೆ ಭಾನುವಾರ ಗೆಳೆಯರ ಜೊತೆ ಕೈಮರ ದಾಟಿ ಮುಳ್ಳಯ್ಯನಗಿರಿವರೆಗೆ ಸೈಕಲ್ ಹೊಡೆದೆ. ಸೋಮವಾರ ಅಂಥದ್ದೇನೂ ಅನಿಸಲಿಲ್ಲ. ಮಂಗಳವಾರ ಬೆಳಗ್ಗೆ ಮನೆಯ ಮೆಟ್ಟಿಲು ಇಳಿಯೋಕೂ ಗೋಡೆ ಹಿಡಿಯಬೇಕಾಯ್ತು. ‘ಲ್ಯಾಕ್ಟಿಕ್ ಆಸಿಡ್ ತುಂಬಿದೆ, ಉಜ್ಜಿ ಇಳಿಸಬೇಕು’ ಅಂತಾರೆ. ನಿಜವಾ? ಏನು ಮಾಡಲಿ?

ಉತ್ತರ: ಮೊದಲು ನನ್ನದೊಂದು ಮರುಪ್ರಶ್ನೆ. ಮೇಲೆ ತಲುಪಿದ ಮೇಲೆ ಸೈಕಲ್ ನಿಲ್ಲಿಸಿ, ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿದಿರಿ ತಾನೇ? ಹಾಗಿದ್ದರೆ ನನ್ನ ಅನುಮಾನ ಸೈಕಲ್‌ಗಿಂತ ಆ ಮೆಟ್ಟಿಲುಗಳ ಮೇಲೇ ಜಾಸ್ತಿ. ಅದರಲ್ಲೂ ಹತ್ತಿದ್ದಕ್ಕಿಂತ ಇಳಿದದ್ದರ ಮೇಲೆ.

ಪೆಡಲ್ ತುಳಿಯುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಮೆಟ್ಟಿಲು ಇಳಿಯುವಾಗ ಅದೇ ಸ್ನಾಯು ಮೈಭಾರ ಹೊತ್ತುಕೊಂಡೇ ಉದ್ದವಾಗಬೇಕು. ಬಾವಿಯಿಂದ ಕೊಡ ಸೇದುವುದು ಒಂದು. ತುಂಬಿದ ಕೊಡವನ್ನು ಹಗ್ಗ ಜಾರದಂತೆ ಮೆಲ್ಲಗೆ ಕೆಳಕ್ಕೆ ಬಿಡುವುದು ಇನ್ನೊಂದು. ಅಂಗೈ ಸುಲಿಯುವುದು ಎರಡನೆಯದರಲ್ಲೇ. ಸ್ನಾಯುವಿನ ಎಳೆಗಳಲ್ಲೂ ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ಅವನ್ನು ದುರಸ್ತಿ ಮಾಡಲು ದೇಹ ತೊಡಗಿದಾಗ ಸ್ವಲ್ಪ ಬಾವು ಬರುತ್ತದೆ, ಮುಟ್ಟಿದರೆ ನೋಯುತ್ತದೆ. ಈ ನೋವು ಶುರುವಾಗಲು 12ರಿಂದ 24 ಗಂಟೆ ಬೇಕು. ಜೋರಾಗುವುದು 24ರಿಂದ 72 ಗಂಟೆಯೊಳಗೆ. ನಿಮ್ಮ ಮಂಗಳವಾರ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ವಾರದೊಳಗೆ ತಾನಾಗಿ ಹೋಗುತ್ತದೆ.

ಸೈಕಲ್ ಪೂರ್ತಿ ನಿರಪರಾಧಿ ಅಂತಲ್ಲ. ಊರಿಂದ 1,930 ಮೀಟರ್ ಎತ್ತರದ ಗಿರಿಗೆ ಎಂಟುನೂರು ಮೀಟರಿಗೂ ಮೀರಿದ ಏರು. ಭಾರದ ಗೇರಿನಲ್ಲಿ ಎದ್ದು ನಿಂತು ತುಳಿದರೆ ಅಭ್ಯಾಸವಿಲ್ಲದ ಕಾಲಿಗೆ ಅದೂ ಪೆಟ್ಟೇ.

ಇನ್ನು ಲ್ಯಾಕ್ಟಿಕ್ ಆಸಿಡ್ ಮಾತು. ಅದು ಹಳೇ ನಂಬಿಕೆ, ಸಾಯಲು ಒಪ್ಪುತ್ತಿಲ್ಲ. ಏರಿನಲ್ಲಿ ರಕ್ತಕ್ಕೆ ಸೇರಿದ ಲ್ಯಾಕ್ಟೇಟ್ (ಮೈಯಲ್ಲಿ ಆ ಆಸಿಡ್ ಇರುವ ರೂಪ) ನೀವು ಇಳಿದು ಬಂದು ದೋಸೆಗೆ ಕಾಯುವಷ್ಟರಲ್ಲಿ, ಅಂದರೆ ಒಂದೆರಡು ಗಂಟೆಯೊಳಗೆ, ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಅದು ಕಸವೂ ಅಲ್ಲ. ಹೃದಯ, ಸ್ನಾಯು ಎರಡೂ ಅದನ್ನು ಇಂಧನವಾಗಿ ಉರಿಸುತ್ತವೆ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರನ್ನು ಟ್ರೆಡ್‌ಮಿಲ್ ಮೇಲೆ 45 ನಿಮಿಷ ಓಡಿಸಿದರು. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಿತು, ಆಮೇಲೆ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಲಿಲ್ಲ, ನೋವು ಬಂತು. ಇನ್ನೇನು ಬೇಕು?

ಹಾಗಾಗಿ ಉಜ್ಜಿ ಇಳಿಸಲು ಅಲ್ಲಿ ಏನೂ ಇಲ್ಲ. ಆದರೆ ಎಣ್ಣೆ ಹಚ್ಚಿ ತಿಕ್ಕುವುದನ್ನು ಬಿಡಬೇಡಿ. ನೋವು ತಗ್ಗಿಸುವ ಉಪಾಯಗಳಲ್ಲಿ ಮಸಾಜ್‌ಗೆ ಒಳ್ಳೆಯ ಪುರಾವೆಯೇ ಇದೆ. ಹದವಾಗಿ ತಿಕ್ಕಿ. ಕಣ್ಣಲ್ಲಿ ನೀರು ಬರುವಂತೆ ಹಿಚುಕುವುದು ಗಾಯವಾದ ಜಾಗಕ್ಕೆ ಮತ್ತೆ ಗಾಯ. ನಮ್ಮಜ್ಜಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿ, ಹಂಡೆಯ ಸುಡುನೀರು ಹೊಯ್ಯುತ್ತಿದ್ದರು. ಬಿಸಿನೀರಿನಿಂದ ಬಿಗಿ ಸಡಿಲಾಗಿ ಹಾಯೆನಿಸುತ್ತದೆ, ಗಾಯ ಬೇಗ ಮಾಯುತ್ತದೆ ಅಂತೇನಿಲ್ಲ. ತಣ್ಣೀರಿನಲ್ಲಿ ಕಾಲಿಟ್ಟು ಕೂರುವುದೂ ನೋವನ್ನು ಸ್ವಲ್ಪ ತಗ್ಗಿಸುತ್ತದೆ: 10ರಿಂದ 15 ಡಿಗ್ರಿ ನೀರು, ಹತ್ತು ಹದಿನೈದು ನಿಮಿಷ. ಕಾಲು ಚಾಚಿ ಎಳೆಯುವ ಸ್ಟ್ರೆಚಿಂಗ್‌ನಿಂದ ಈ ನೋವಿಗೆ ಹೆಚ್ಚು ಉಪಯೋಗವಿಲ್ಲ. ಹಿತ ಅನಿಸಿದರೆ ಮಾಡಿ, ಅಷ್ಟೇ.

ಮಲಗಿಬಿಡಬೇಡಿ. ಸಪಾಟು ರಸ್ತೆ ನೋಡಿ, ಹಗುರ ಗೇರಿನಲ್ಲಿ, ಮಾತಾಡಿಕೊಂಡು ಹೋಗುವಷ್ಟು ನಿಧಾನವಾಗಿ ಇಪ್ಪತ್ತು ಮೂವತ್ತು ನಿಮಿಷ ತುಳಿಯಿರಿ. ಕಾಲು ಬಿಸಿಯಾದಂತೆ ನೋವು ಕಡಿಮೆಯಾಗುತ್ತದೆ. ಆಮೇಲೆ ಮತ್ತೆ ಬಂದರೆ ಗಾಬರಿ ಬೇಡ.

ಊಟದ ವಿಷಯದಲ್ಲಿ ನಮ್ಮ ಕಡೆಯವರು ಎಡವುವುದು ಹೀಗೆ: ಇಳಿದು ಬಂದವರೇ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಕಾಫಿ. ಖಾಲಿಯಾದ ಶಕ್ತಿ ತುಂಬಲು ಅಕ್ಕಿ ಸರಿ, ಆದರೆ ಎಳೆ ಕಟ್ಟಲು ಪ್ರೋಟೀನ್ ಬೇಕು. ಕಸರತ್ತು ಮಾಡುವವರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಅಂತ ಲೆಕ್ಕ. 60 ಕಿಲೋ ಇದ್ದರೆ 72ರಿಂದ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಇದೆ, ಆದರೆ ಕಟ್ಟಿನ ಸಾರು ಉಂಡು ಬೆಂದ ಕಾಳನ್ನು ಹಸುವಿಗೆ ಹಾಕಿದರೆ ಪ್ರೋಟೀನ್ ಬಹುಪಾಲು ಹಸುವಿನ ಪಾಲಾಗುತ್ತದೆ! ಕಾಳನ್ನು ಪಲ್ಯ ಮಾಡಿ ತಿನ್ನಿ.

ಗಿರಿಯ ಗಾಳಿ ತಂಪು, ಬೆವರು ಮೈಮೇಲೇ ಆರಿಹೋಗಿ ಬಾಯಾರಿಕೆ ಗೊತ್ತಾಗುವುದಿಲ್ಲ. ಹೋಗುವ ಮುಂಚೆ, ಬಂದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದೂವರೆ ಲೀಟರ್‌ನಷ್ಟು ನೀರು, ಉಪ್ಪು ಹಾಕಿದ ಮಜ್ಜಿಗೆ, ಸಂಜೆವರೆಗೆ ಸ್ವಲ್ಪಸ್ವಲ್ಪವಾಗಿ ಕುಡಿಯಿರಿ. ಸಂಜೆ ಕಾಫಿ ಬಿಡಿ ಅಂತ ಕಾಫಿನಾಡಿನಲ್ಲಿ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ರಾತ್ರಿ ನಿದ್ದೆ ಕೆಟ್ಟರೆ ಚೇತರಿಕೆಯೂ ಕೆಡುತ್ತದೆ.

ನೋವಿನ ಮಾತ್ರೆ ನುಂಗುವ ಮೊದಲು ಯೋಚಿಸಿ. ನೀರು ಕಡಿಮೆಯಾದ ಮೈಗೆ ಐಬುಪ್ರೊಫೆನ್ ಥರದ ಮಾತ್ರೆ ಮೂತ್ರಪಿಂಡಕ್ಕೆ ಭಾರ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಇಲ್ಲವೇ ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಮನೆಮದ್ದು ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ತುಳಿಯುವಾಗಲೇ ಒಂದೇ ಜಾಗದಲ್ಲಿ ಚಳಕ್ ಅಂದಿದ್ದರೆ ಅದೂ ಬೇರೆ ಕಥೆ, ವೈದ್ಯರಿಗೆ ತೋರಿಸಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತೀರಾ ಕೆಳಗಿದೆಯೇ ನೋಡಿ. ಪೆಡಲ್ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರಬೇಕು.

ಮುಂದಿನ ಭಾನುವಾರ ಮತ್ತೆ ಹೋಗಬಹುದಾ ಅಂತ ನೀವು ಕೇಳಿಲ್ಲ, ಕೇಳೇ ಕೇಳುತ್ತೀರಿ. ಶುಕ್ರವಾರದೊಳಗೆ ಗೋಡೆ ಹಿಡಿಯದೆ ಮೆಟ್ಟಿಲು ಇಳಿಯಲು ಬಂದರೆ ಹೋಗಿ. ಒಮ್ಮೆ ಪೆಟ್ಟು ತಿಂದ ಸ್ನಾಯುವಿಗೆ ಅದೇ ಕೆಲಸ ಎರಡನೇ ಸಲ ಅಷ್ಟು ನೋಯುವುದಿಲ್ಲ, ಈ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಆ ಮೆಟ್ಟಿಲುಗಳನ್ನು ಮಾತ್ರ ಈ ಸಲ ನಿಧಾನವಾಗಿ ಇಳಿಯಿರಿ.