ನೋಟಿಸು ಬಂದ ಮೇಲೆ ಸಿಗುವ ನೆರವು

ಇಂಗ್ಲೆಂಡಿನಲ್ಲಿ ಬಾಡಿಗೆದಾರರ ಪರವಾಗಿಯೂ ಕೌಟುಂಬಿಕ ಪ್ರಕರಣಗಳಲ್ಲಿಯೂ ಕೆಲಸ ಮಾಡುವ ವಕೀಲನಾದ ನನ್ನನ್ನು, ಕಾನೂನು ನೆರವಿನ ಕಡಿತದ ಮಾತು ಬಂದಾಗಲೆಲ್ಲ ಜನ ಕೇಳುವುದು ವಕೀಲರಿಲ್ಲದೆ ನ್ಯಾಯಾಧೀಶರ ಎದುರು ನಿಲ್ಲುವವರ ಪಾಡೇನು ಎಂದು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅದಕ್ಕಿಂತ ದೊಡ್ಡ ಹಾನಿ ಆಗುವುದು ಪ್ರಕರಣ ನ್ಯಾಯಾಲಯ ತಲುಪುವ ಮುಂಚೆ, ಒಂದು ಸರಿಯಾದ ಸಲಹೆಯಿಂದ ಮುಗಿಯಬಹುದಾಗಿದ್ದ ಹಂತದಲ್ಲಿ ಎಂಬುದು ನನ್ನ ಅನುಭವ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ವೆಚ್ಚದ ಕಾನೂನು ನೆರವಿಗೆ ಇಂದಿನ ಬುನಾದಿ ಹಾಕಿದ್ದು 1949ರ ಕಾಯ್ದೆ. 2012ರಲ್ಲಿ ಅಂಗೀಕಾರವಾಗಿ 2013ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯು ಸಿವಿಲ್ ನೆರವಿನ ತರ್ಕವನ್ನೇ ತಿರುಗಿಸಿತು. ಅಲ್ಲಿಯವರೆಗೆ ಹೊರಗಿಟ್ಟ ವಿಷಯಗಳನ್ನು ಬಿಟ್ಟು ಉಳಿದವುಗಳಿಗೆ ನೆರವು ಸಿಗುತ್ತಿತ್ತು. ಆಮೇಲೆ ಪಟ್ಟಿಯಲ್ಲಿ ಹೆಸರಿಸಿದ ವಿಷಯಗಳಿಗೆ ಮಾತ್ರ. ಹೀಗೆ ಕೌಟುಂಬಿಕ ಹಿಂಸೆಯ ಪುರಾವೆಯಿಲ್ಲದ ವಿಚ್ಛೇದನ ಮತ್ತು ಮಕ್ಕಳ ಪಾಲನೆಯ ವಿವಾದಗಳು, ತಾರತಮ್ಯದ ಆರೋಪವಿಲ್ಲದ ಉದ್ಯೋಗ ವಿವಾದಗಳು, ಸಾಲದ ಹಾಗೂ ಸಾಮಾಜಿಕ ಭದ್ರತಾ ಭತ್ಯೆಗಳ ಬಹುಪಾಲು ಪ್ರಕರಣಗಳು ಒಂದೇ ದಿನದಲ್ಲಿ ಹೊರಗುಳಿದವು.

ಇದರ ಪರಿಣಾಮ ಹೇಗಿರುತ್ತದೆಂದು ನನ್ನ ಕಚೇರಿಗೆ ಮತ್ತೆ ಮತ್ತೆ ಬರುವ ಒಂದು ಬಗೆಯ ಪ್ರಕರಣದಿಂದ ವಿವರಿಸುತ್ತೇನೆ. ಬಾಡಿಗೆ ಕಟ್ಟಲು ಸರ್ಕಾರದಿಂದ ಬರುತ್ತಿದ್ದ ಭತ್ಯೆ, ಆದಾಯದ ವಿವರವನ್ನು ಇಲಾಖೆ ತಪ್ಪಾಗಿ ಓದಿದ ಕಾರಣಕ್ಕೆ ನಿಂತುಹೋಗುತ್ತದೆ. ತೀರ್ಮಾನವನ್ನು ಮರುಪರಿಶೀಲಿಸಿ ಎಂದು ಒಂದು ತಿಂಗಳೊಳಗೆ ಕೇಳಬೇಕು, ಒಪ್ಪದಿದ್ದರೆ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬೇಕು. ಬಲ್ಲವರಿಗೆ ಅದು ಎರಡು ಪುಟಗಳ ಪತ್ರ, ಜೊತೆಗೆ ಸಂಬಳದ ಚೀಟಿ ಮತ್ತು ಬ್ಯಾಂಕಿನ ವಿವರ, ಅಷ್ಟೇ. ಆದರೆ ಆ ಪತ್ರ ಬರೆಯುವುದಕ್ಕೆ ನೆರವು ಇಲ್ಲ. ಗಡುವು ದಾಟುತ್ತದೆ, ಬಾಡಿಗೆ ಬಾಕಿ ಬೆಳೆಯುತ್ತದೆ, ಮನೆಯ ಮಾಲೀಕರ ನೋಟಿಸು ಬರುತ್ತದೆ. 1988ರ ವಸತಿ ಕಾಯ್ದೆಯಲ್ಲಿದ್ದ ನಿಯಮದ ಪ್ರಕಾರ, ನೋಟಿಸಿನ ದಿನವೂ ವಿಚಾರಣೆಯ ದಿನವೂ ಎರಡು ತಿಂಗಳ ಬಾಡಿಗೆ ಬಾಕಿಯಿದ್ದರೆ ಮನೆ ಬಿಡಿಸುವ ಆದೇಶ ಕೊಡಲೇಬೇಕಿತ್ತು. ಬಾಕಿ ಏಕೆ ಉಳಿಯಿತು ಎಂಬುದನ್ನು ತೂಗಿ ನೋಡುವ ವಿವೇಚನೆ ನ್ಯಾಯಾಧೀಶರಿಗೆ ಇರಲಿಲ್ಲ. ಮನೆಯೇ ಹೋಗುವ ಸ್ಥಿತಿ ಬಂದಾಗ ಕಾನೂನು ನೆರವು ಸಿಗುತ್ತದೆ, ನನ್ನಂಥವರು ಕಡತ ತೆರೆಯುತ್ತೇವೆ. ಆ ಹೊತ್ತಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ ಉಳಿದಿರುತ್ತದೆ.

ಮನೆ ಕಳೆದುಕೊಂಡ ಕುಟುಂಬಕ್ಕೆ ತಾತ್ಕಾಲಿಕ ವಸತಿ ಒದಗಿಸುವ ವೆಚ್ಚ ಸ್ಥಳೀಯ ಆಡಳಿತದ ಲೆಕ್ಕಕ್ಕೆ ಬೀಳುತ್ತದೆ. ನ್ಯಾಯಾಂಗ ಸಚಿವಾಲಯದ ಪುಸ್ತಕದಲ್ಲಿ ಮಾತ್ರ ಅದು ಉಳಿತಾಯ. ಹೀಗೆ ಬೇರೆ ಇಲಾಖೆಗಳ ಮೇಲೆ ಬೀಳುವ ಹೊರೆಯನ್ನು ಸಚಿವಾಲಯ ಸರಿಯಾಗಿ ಅಂದಾಜಿಸಿರಲಿಲ್ಲವೆಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2014ರ ನವೆಂಬರ್‌ನಲ್ಲಿ ಹೇಳಿತು. ಎರಡೂ ಕಡೆ ವಕೀಲರಿಲ್ಲದ ಕೌಟುಂಬಿಕ ಪ್ರಕರಣಗಳು ಮೊದಲ ವರ್ಷದಲ್ಲೇ ಶೇ 30ರಷ್ಟು ಹೆಚ್ಚಿದ್ದನ್ನೂ ಅದೇ ವರದಿ ದಾಖಲಿಸಿದೆ. ದಂಪತಿಗಳು ನ್ಯಾಯಾಲಯದ ಬದಲು ಮಧ್ಯಸ್ಥಿಕೆಗೆ ಹೋಗುತ್ತಾರೆ ಎಂಬುದು ಸರ್ಕಾರದ ನಿರೀಕ್ಷೆಯಾಗಿತ್ತು. ಆಗಿದ್ದು ತದ್ವಿರುದ್ಧ: ಮಧ್ಯಸ್ಥಿಕೆಗೆ ಹೋಗುವವರ ಸಂಖ್ಯೆಯೇ ಕುಸಿಯಿತು. ಹಾಗೊಂದು ದಾರಿಯಿದೆ, ಅದರಲ್ಲಿ ನಿಮಗೆ ಒಳಿತಿದೆ ಎಂದು ಕಕ್ಷಿದಾರರಿಗೆ ಹೇಳಿ ಕಳಿಸುತ್ತಿದ್ದವರು ನೆರವಿನ ಅಡಿಯಲ್ಲಿ ಕೆಲಸ ಮಾಡುತ್ತಿದ್ದ ವಕೀಲರೇ ಆಗಿದ್ದರು. ಅವರಿಲ್ಲದ ಕಡೆ ಹಿಂಸೆ ಅನುಭವಿಸಿದ ಹೆಣ್ಣುಮಗಳನ್ನು ಆರೋಪಿ ಗಂಡನೇ ಎದುರು ನಿಂತು ಪಾಟೀಸವಾಲು ಮಾಡುವ ಪರಿಸ್ಥಿತಿಯೂ ಬಂತು. ಕೌಟುಂಬಿಕ ನ್ಯಾಯಾಲಯಗಳಲ್ಲಿ ಅದನ್ನು ಕಾನೂನಿನ ಮೂಲಕ ನಿಷೇಧಿಸಲು 2021ರ ಕಾಯ್ದೆಯೇ ಬರಬೇಕಾಯಿತು.

ನ್ಯಾಯಾಲಯದ ಮೆಟ್ಟಿಲು ಹತ್ತದವರಿಗೂ ಇದರ ಬಿಸಿ ತಟ್ಟುತ್ತದೆ. ಉದ್ಯೋಗ ನ್ಯಾಯಮಂಡಳಿಗಳಲ್ಲಿ 2013ರಲ್ಲಿ ವಿಧಿಸಿದ್ದ ಶುಲ್ಕವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದುಪಡಿಸಿದಾಗ ನೀಡಿದ ಕಾರಣ ಕಾನೂನು ನೆರವಿಗೂ ಅಷ್ಟೇ ಸಲ್ಲುತ್ತದೆ ಎಂದು ನಾನು ನಂಬುತ್ತೇನೆ. ಹಕ್ಕನ್ನು ಜಾರಿ ಮಾಡಿಸುವವರು ಇದ್ದಾರೆಂದು ಗೊತ್ತಿದ್ದರೆ ಮಾತ್ರ ಉದ್ಯೋಗದಾತರು ಅದನ್ನು ಗೌರವಿಸುತ್ತಾರೆ. ಆ ಸಾಧ್ಯತೆ ಅಳಿದರೆ ಶಾಸನಸಭೆ ಮಾಡಿದ ಕಾನೂನು ಕಾಗದದ ಮೇಲಷ್ಟೇ ಉಳಿಯುತ್ತದೆ.

ಇನ್ನೊಂದು ನಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ. ವರ್ಷಗಟ್ಟಲೆ ಏರದೆ ನಿಂತಿದ್ದ ಸಿವಿಲ್ ನೆರವಿನ ಸಂಭಾವನೆಯನ್ನು 2011ರಲ್ಲಿ ಶೇ 10ರಷ್ಟು ಇಳಿಸಲಾಯಿತು. ಕಚೇರಿಗಳು ಒಂದೊಂದಾಗಿ ಈ ಕೆಲಸ ಬಿಟ್ಟವು. ಅನುದಾನ ಮರಳಿದರೂ, ಬಾಡಿಗೆ ಕಾನೂನನ್ನೂ ಭತ್ಯೆಯ ನಿಯಮಗಳನ್ನೂ ಒಟ್ಟಿಗೆ ಬಲ್ಲ ವಕೀಲರು ಅದರೊಂದಿಗೆ ಮರಳುವುದಿಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವ ಕೆಲಸ ಇದು, ಕಲಿಸುವವರ ತಲೆಮಾರೇ ಕಡಿದುಹೋದರೆ ಮತ್ತೆ ಕಟ್ಟಲು ಬಹಳ ಕಾಲ ಬೇಕು.

ಸರ್ಕಾರಕ್ಕೆ ಇದು ತಿಳಿಯದ ವಿಷಯವಲ್ಲ. 2023ರ ಆಗಸ್ಟ್‌ನಿಂದ, ಮನೆ ಕಳೆದುಕೊಳ್ಳುವ ಲಿಖಿತ ಸೂಚನೆ ಕೈಗೆ ಬಂದೊಡನೆ ವಸತಿ, ಸಾಲ ಮತ್ತು ಭತ್ಯೆ ಮೂರರ ಬಗ್ಗೆಯೂ ಉಚಿತ ಸಲಹೆ ಪಡೆಯುವ ವ್ಯವಸ್ಥೆ ಜಾರಿಯಲ್ಲಿದೆ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅದೂ ನೋಟಿಸಿನ ದಿನದಿಂದಲೇ ಆರಂಭವಾಗುತ್ತದೆ. ಭತ್ಯೆ ನಿಲ್ಲಿಸಿದೆವೆಂದು ಇಲಾಖೆಯ ಪತ್ರ ಬಂದ ದಿನವೇ ಆ ಸಲಹೆ ಸಿಗುವಂತಾಗಬೇಕು. ಮರುಪರಿಶೀಲನೆಗೆ ಕೊಟ್ಟಿರುವ ಒಂದು ತಿಂಗಳು ಎಣಿಕೆಯಾಗುವುದು ಆ ಪತ್ರದ ತಾರೀಖಿನಿಂದ.