ಆಧಾರ್ ಜೆರಾಕ್ಸಲ್ಲಿ ಸಾಲ ಎತ್ತಿದೋನಿಗೆ ಮೂರೇ ವರ್ಷನಾ?

ಮದ್ದೂರು ಕಡೆ ರೈತರೊಬ್ರು ಬೆಳೆ ಸಾಲಕ್ಕೆ ಅಂತ ಬ್ಯಾಂಕಿಗೆ ಹೋದ್ರೆ ಮ್ಯಾನೇಜರು ಸಿಬಿಲ್ (ಯಾರ್ ಯಾರ್ ಸಾಲ ಎಷ್ಟೈತೆ, ಕಂತು ಕಟ್ಟವ್ರಾ ಅಂತ ಲೆಕ್ಕ ಇಡೋ ಕಂಪನಿ) ವರದಿ ತೆಗ್ದು, ನಿಮ್ ಹೆಸ್ರಲ್ಲಿ ಆಗ್ಲೇ ಒಂದು ಪರ್ಸನಲ್ ಲೋನ್ ಐತೆ, ಕಂತು ಬಾಕಿ ಅಂದ್ರಂತೆ. "ಆ ಕಂಪನಿ ಹೆಸ್ರೇ ಕೇಳಿಲ್ಲ ಕನ್ ಸಾ" ಅಂತ ಎಫ್‌ಐಆರ್ ಕಾಪಿ ಹಿಡ್ಕೊಂಡು ನಮ್ಮ ಆಫೀಸಿಗೆ ಬಂದ್ರು. ನೋಡಿದ್ರೆ ಐಟಿ ಕಾಯ್ದೆ (ಮಾಹಿತಿ ತಂತ್ರಜ್ಞಾನ ಕಾಯ್ದೆ) 66ಸಿ ಒಂದೇ ಹಾಕವ್ರೆ.

66ಸಿ ತಪ್ಪು ಸೆಕ್ಷನ್ ಏನಲ್ಲ. ಬೇರೆಯವ್ರ ಪಾಸ್‌ವರ್ಡು, ಡಿಜಿಟಲ್ ಸಹಿ, ಇಲ್ಲಾ ಅವ್ರನ್ನ ಗುರುತಿಸೋ ಯಾವ್ದೇ ವಿಶಿಷ್ಟ ಗುರುತನ್ನ ಮೋಸದಿಂದ ಬಳಸಿದ್ರೆ ಮೂರು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕಂಪ್ಯೂಟರ್, ಫೋನ್ ಮೂಲಕ ಇನ್ನೊಬ್ಬನ ವೇಷ ಹಾಕಿ ವಂಚಿಸಿದ್ರೆ 66ಡಿ, ಶಿಕ್ಷೆ ಅಷ್ಟೇ. ಎರಡೂ 2008ರ ತಿದ್ದುಪಡೀಲಿ ಬಂದದ್ದು. ತೊಂದ್ರೆ ಎಲ್ಲಿ ಅಂದ್ರೆ ಅದೇ ಕಾಯ್ದೆ 77ಬಿ ಪ್ರಕಾರ ಮೂರು ವರ್ಷದ ಅಪರಾಧ ಅಂದ್ರೆ ಜಾಮೀನು ಸಿಗೋ ಅಪರಾಧ, ಹಂಗಾಗಿ ಹಿಡ್ಕೊಂಬಂದೋನು ಬೇಲ್ ಬಾಂಡ್ ಕೊಟ್ಟು ಮನೆಗೆ ಹೋಗ್ತಾನೆ, ನಮ್ಮ ರೈತರು ಮಾತ್ರ ಬ್ಯಾಂಕಿಗೂ ಠಾಣೆಗೂ ಅಲೀತಾ ಇರ್ತಾರೆ.

ಹಂಗಂತ ಬರೀ ಪೊಲೀಸ್ರನ್ನ ಬೈದು ಪ್ರಯೋಜನ ಇಲ್ಲ, ದೂರಲ್ಲಿ ಇದ್ದದ್ದೇ ಒಂದು ಸಾಲು, "ಯಾರೋ ನನ್ನ ಆಧಾರ್ ಬಳಸಿ ಮೋಸ ಮಾಡಿರುತ್ತಾರೆ" ಅಂತ. ಆಮೇಲೆ ಲೋನ್ ಫೈಲು ತರಿಸಿ ನೋಡ್ದಾಗ ಹೆಸ್ರು ಇವ್ರದ್ದು, ಪ್ಯಾನ್ ನಂಬರ್ ಇವ್ರದ್ದು, ಫೋಟೋ ಮಾತ್ರ ಯಾವನೋ ಹುಡುಗಂದು. ಸಹಿ ಇಂಗ್ಲಿಷಲ್ಲಿ, ಇವ್ರು ಜೀವಮಾನದಲ್ಲಿ ಕನ್ನಡ ಬಿಟ್ಟು ಸಹಿ ಹಾಕಿದೋರಲ್ಲ! ಅಲ್ಲಿಗೆ ಅದು ಬರೀ ಗುರುತು ಕಳವು ಅಲ್ಲ, ಫೋರ್ಜರಿ, ಅಂದ್ರೆ ಸುಳ್ಳು ದಾಖಲೆ ಸೃಷ್ಟಿ.

ಐಪಿಸಿ ಜಾಗಕ್ಕೆ ಬಂದಿರೋ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಪ್ರಕಾರ ವಂಚನೆಗಾಗಿ ಸುಳ್ಳು ದಾಖಲೆ ಸೃಷ್ಟಿ ಮಾಡಿದ್ರೆ 336(3), ಏಳು ವರ್ಷದವರೆಗೆ. ಮೋಸ ಮಾಡಿ ದುಡ್ಡು ಕೊಡಿಸ್ಕೊಂಡಿದ್ದಕ್ಕೆ 318(4), ಅದಕ್ಕೂ ಏಳು. ಇವೆರಡೂ ಜಾಮೀನು ರಹಿತ, ಅಂದ್ರೆ ಜಾಮೀನು ಬೇಕಂದ್ರೆ ಕೋರ್ಟ್ ಮುಂದೆ ವಾದ ಮಾಡ್ಬೇಕು. ಇನ್ನೊಬ್ಬನ ಸೋಗು ಹಾಕಿದ್ದಕ್ಕೆ 319(2), ಐದು ವರ್ಷದವರೆಗೆ, ಹಳೇ ಐಪಿಸಿ 419ರಲ್ಲಿ ಇದು ಮೂರೇ ಇತ್ತು. ಆದ್ರೆ ಸಾಲ ಎತ್ತಿದ್ದು 2024 ಜುಲೈ 1ಕ್ಕೆ ಮುಂಚೆ ಆದ್ರೆ ಐಪಿಸಿನೇ, 419, 420, 468. ನಿಮಗೆ ಗೊತ್ತಾದ ದಿನ ಲೆಕ್ಕಕ್ಕಿಲ್ಲ, ಅಪರಾಧ ನಡೆದ ದಿನ ಲೆಕ್ಕ.

ಆರೋಪಿ ಕಡೆ ವಕೀಲರು ಸುಮ್ನೆ ಇರಲ್ಲ, ಐಟಿ ಕಾಯ್ದೆ ವಿಶೇಷ ಕಾಯ್ದೆ, ಅದಿದ್ದ ಮೇಲೆ ಬೇರೆ ಸೆಕ್ಷನ್ ಯಾಕೆ ಅಂತಾರೆ. 2016ರಲ್ಲಿ ಸುಪ್ರೀಂ ಕೋರ್ಟು ಅಶ್ಲೀಲ ವಿಡಿಯೋ ಕೇಸೊಂದರಲ್ಲಿ ಆ ಥರ ಹೇಳಿದ್ದೂ ನಿಜ. ನನ್ನ ಪ್ರಕಾರ ಕಾಗದ ಪತ್ರ ಫೋರ್ಜರಿ ಆಗಿರೋ ಕಡೆ ಆ ವಾದ ನಿಲ್ಲೋದು ಕಷ್ಟ, 66ಸಿ ಫೋರ್ಜರಿ ಬಗ್ಗೆ ಮಾತೇ ಆಡಲ್ಲ.

ನಿಮ್ಮ ಹೆಸ್ರಲ್ಲಿ ಸಿಮ್ಮೂ ತಗೊಂಡಿದ್ರೆ 2023ರ ದೂರಸಂಪರ್ಕ ಕಾಯ್ದೆ 42ನೇ ಸೆಕ್ಷನ್ ಕೇಳಿ, ಮೂರು ವರ್ಷದವರೆಗೆ ಜೈಲು ಇಲ್ಲಾ 50 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಯಾವ್ಯಾವ ನಂಬರ್ ನಿಮ್ಮ ಹೆಸ್ರಲ್ಲಿ ಅವೆ ಅಂತ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ನೋಡ್ಬೋದು.

ದೂರು ಸೆನ್ (ಸೈಬರ್ ಅಪರಾಧ ನೋಡ್ಕೊಳ್ಳೋ) ಠಾಣೇಲೇ ಕೊಡ್ಬೇಕು ಅಂತೇನಿಲ್ಲ, ಯಾವ ಠಾಣೇಲಾದ್ರೂ ತಗೋಬೇಕು, ಐಟಿ ಕಾಯ್ದೆ ಕೇಸಿನ ತನಿಖೆ ಮಾತ್ರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಮ್ಮಿಯವ್ರು ಮಾಡಂಗಿಲ್ಲ. ಫೋಟೋ ಬೇರೆ, ಸಹಿ ಬೇರೆ, ಫೋನ್ ನಂಬರ್ ಬೇರೆ, ದುಡ್ಡು ಹೋದ ಅಕೌಂಟ್ ಬೇರೆ ಅಂತ ಒಂದೊಂದನ್ನೂ ಬಿಡಿಸಿ ಬರೀರಿ, ಸೆಕ್ಷನ್ ನಂಬರ್ ಬರೀದಿದ್ರೂ ನಡೆಯುತ್ತೆ. ಎಫ್‌ಐಆರಲ್ಲಿ ಬಿಟ್ಟೋಗಿದ್ರೆ ತನಿಖೆ ವೇಳೆ ಸೇರಿಸೋಕೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಸಿಬಿಲ್‌ಗೂ ಅದೇ ದಿನ ದೂರು ಹಾಕಿ, 30 ದಿನದೊಳಗೆ ಇತ್ಯರ್ಥ ಆಗ್ಲಿಲ್ಲ ಅಂದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ ಆರ್‌ಬಿಐ ನಿಯಮ ಇದೆ, ಕೇಸು ಮುಗಿಯೋವರೆಗೂ ಕಾಯ್ಬೇಕಿಲ್ಲ.